ಟ್ರೆಡ್‌ಮಿಲ್ಲಿನ ಮೇಲೆ ಒಪ್ಪಂದದ ಮಾತು ಬೇಡ

ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡ ಮೇಲೆ ನಾನು ಸ್ವಲ್ಪ ಮೆತ್ತಗಾಗುತ್ತೇನೆ ಎಂದು ನನ್ನ ಹೆಂಡತಿ ನಂಬಿದ್ದಳು. ಆಸ್ಪತ್ರೆಯಿಂದ ಹೊರಟ ದಿನವೇ ಆ ನಂಬಿಕೆ ಸುಳ್ಳಾಯಿತು. ನನ್ನ ವೀಲ್‌ಚೇರು ತಳ್ಳಿಕೊಂಡು ಕಾರಿನವರೆಗೂ ಬಂದ ನರ್ಸಿಗೆ ನಾನು ದಾರಿಯುದ್ದಕ್ಕೂ ಹೃದಯದ ರಕ್ತನಾಳಗಳು ಹೇಗೆ ಕವಲೊಡೆಯುತ್ತವೆ ಎಂದು ವಿವರಿಸಿದೆ. ಪಾಪ, ಆಕೆ ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಫ್ರೀವೇ ಹತ್ತಿದ ಮೇಲೆ ಹೆಂಡತಿ ಹೇಳಿದಳು: “ಎದೇಲಿದ್ದ ಬ್ಲಾಕು ತೆಗೆದ್ರಲ್ಲ ರೀ, ಅದನ್ನ ಹಾಗೇ ಎತ್ತಿ ನಿಮ್ಮ ಬಾಯಿಗೆ ಇಟ್ಟಿದ್ದಿದ್ರೆ ಚೆನ್ನಾಗಿರ್ತಿತ್ತು.”

ನಾನು ಹೊಟ್ಟೆಪಾಡಿಗೆ ಇಂಜಿನಿಯರು, ಸ್ವಭಾವದಿಂದ ಮೇಷ್ಟ್ರು. ಮೈಸೂರು ಬಿಟ್ಟು ಸ್ಯಾನ್ ರಮೋನಿನಲ್ಲಿ ನೆಲೆಸಿ ಇಷ್ಟು ವರ್ಷವಾದರೂ ಆ ಚಟ ಹೋಗಿಲ್ಲ. ಯಾರಾದರೂ ಒಂದು ವಿಷಯ ಎತ್ತಿದರೆ ಸಾಕು. ಅದರ ಬಗ್ಗೆ ನನಗೇನೂ ಗೊತ್ತಿಲ್ಲ ಎಂಬುದು ನನ್ನನ್ನು ಎಂದೂ ತಡೆದದ್ದಿಲ್ಲ. ಮಗಳು ಚಿಕ್ಕವಳಿದ್ದಾಗ ಹೋಮ್‌ವರ್ಕಿನ ಒಂದು ಪ್ರಶ್ನೆ ಕೇಳಿ ಸಂಜೆಯಿಡೀ ಸಿಕ್ಕಿಹಾಕಿಕೊಂಡು, ಆಮೇಲೆ ಕೇಳುವುದನ್ನೇ ಬಿಟ್ಟಳು. ಈಗ ದೊಡ್ಡವಳಾಗಿ ಬೇರೆ ಊರಿನಲ್ಲಿದ್ದಾಳೆ. ಫೋನಿನಲ್ಲಿ ನಾನು “ಅದು ಹೇಗಮ್ಮಾ ಅಂದ್ರೆ” ಎಂದು ಶುರುಮಾಡಿದ ಕೂಡಲೇ “ಗಿವ್ ದ ಫೋನ್ ಟು ಅಮ್ಮ” ಎನ್ನುತ್ತಾಳೆ.

ಡಾಕ್ಟರು ನನ್ನನ್ನು ವಾಲ್ನಟ್ ಕ್ರೀಕಿನ ಒಂದು ವ್ಯಾಯಾಮ ಕೇಂದ್ರಕ್ಕೆ ಕಳಿಸಿದರು. ಹೃದಯ ಕೈಕೊಟ್ಟವರಿಗೆಂದೇ ಇರುವ ಜಾಗ ಅದು. ಎದೆಗೆ ತಂತಿಗಳನ್ನು ಅಂಟಿಸಿ, ಸಾಲಾಗಿ ಟ್ರೆಡ್‌ಮಿಲ್ಲುಗಳ ಮೇಲೆ ನಿಲ್ಲಿಸಿ ನಡೆಸುತ್ತಾರೆ. ಪ್ರತಿಯೊಬ್ಬರ ಎದೆಬಡಿತವೂ ಗೋಡೆಯ ಪರದೆಯ ಮೇಲೆ ಹಸಿರು ಗೆರೆಯಾಗಿ ಕುಣಿಯುತ್ತಿರುತ್ತದೆ. ಬಡಿತ ಮಿತಿ ಮೀರಿದರೆ ಪರದೆ ಕೂಗಿಕೊಳ್ಳುತ್ತದೆ, ನರ್ಸು ಓಡಿಬರುತ್ತಾಳೆ. ನನ್ನ ಪಕ್ಕದ ಟ್ರೆಡ್‌ಮಿಲ್ಲಿಗೆ ಬರುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಬಿಳಿ ಜಡೆ, ಗೋಧಿ ಬಣ್ಣ, ಕನ್ನಡಕಕ್ಕೆ ಕಟ್ಟಿದ ದಾರ. ಓಕ್ಲೆಂಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ಅವರಿಗೆ ‘ಲೆಕ್ಕದ ಮಿಸ್’ ಎಂದೇ ಹೆಸರು ಬಿತ್ತು. ಇಲ್ಲೂ ಹಾಗೆಯೇ ಕರೆಯುತ್ತೇನೆ.

ಮೊದಲ ದಿನ ನರ್ಸು ನಮಗೆ ತಂತಿ ಅಂಟಿಸುತ್ತಾ, ಇವತ್ತು ಇಂಡಿಯನ್ನರಿಬ್ಬರೂ ಅಕ್ಕಪಕ್ಕ ಎಂದಳು. ನನಗೆ ಖುಷಿಯಾಯಿತು. ಪರದೇಶದಲ್ಲಿ ನಮ್ಮವರು ಸಿಕ್ಕಾಗ ಕೇಳುವ ಪ್ರಶ್ನೆಯನ್ನೇ ಕೇಳಿದೆ: ನೀವು ಯಾವ ಕಡೆಯವರು? ಕೊಡಗಿರಬಹುದೇ, ಕಾಶ್ಮೀರವಿರಬಹುದೇ ಎಂದು ಮನಸ್ಸಿನಲ್ಲೇ ಅಂದಾಜು ನಡೆದಿತ್ತು.

“ಮೊದಲು ಜಾರ್ಜಿಯಾ,” ಎಂದರು ಅವರು, ಹೆಜ್ಜೆ ತಪ್ಪಿಸದೆ. “ಆಮೇಲೆ ಓಕ್ಲಹೋಮ. ಅದಾದ ಮೇಲೆ ಓಕ್ಲೆಂಡು. ನಾವು ಚೆರೋಕೀ.”

ಬುದ್ಧಿಯಿದ್ದವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಪೌರತ್ವದ ಸಂದರ್ಶನದಲ್ಲಿ ಈ ದೇಶದ ಮೂಲನಿವಾಸಿಗಳ ಒಂದು ಬುಡಕಟ್ಟಿನ ಹೆಸರು ಹೇಳಿ ಎಂದು ಕೇಳಿದಾಗ ನಾನು ಹೇಳಿದ್ದು ಅವರ ಹೆಸರನ್ನೇ ಎಂದು ಉತ್ಸಾಹದಿಂದ ತಿಳಿಸಿದೆ. ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಹಾಗಾದರೆ ನಮ್ಮ ದೆಸೆಯಿಂದ ಒಬ್ಬರಿಗಾದರೂ ಇಲ್ಲಿ ಇರುವುದಕ್ಕೆ ಅನುಮತಿ ಸಿಕ್ಕಿತು ಎಂದರು ಮಿಸ್. ಅದು ಚುಚ್ಚುಮಾತು ಎಂದು ನನಗೆ ಹೊಳೆದದ್ದು ಮನೆಗೆ ಹೊರಟು ನಡುದಾರಿಯ ಡಾನ್ವಿಲ್ ಊರು ದಾಟಿದ ಮೇಲೆ.

ಹೊಳೆದ ಮೇಲೆ ನಾಚಿಕೆಯಾಯಿತು. ನಾಚಿಕೆಯಾದಾಗ ಬೇರೆಯವರು ಕ್ಷಮೆ ಕೇಳುತ್ತಾರೆ, ನಾನು ಲೈಬ್ರರಿಗೆ ಹೋಗುತ್ತೇನೆ. ದಪ್ಪ ದಪ್ಪ ಪುಸ್ತಕ ತಂದು ಓದಿದೆ. ಓದಿದ್ದನ್ನೆಲ್ಲ ಟ್ರೆಡ್‌ಮಿಲ್ಲಿನ ಮೇಲೆ ಲೆಕ್ಕದ ಮಿಸ್‌ಗೇ ಪಾಠ ಹೇಳಿದೆ. ಅವರ ಜನರ ಚರಿತ್ರೆಯನ್ನು ಅವರಿಗೇ ಹೇಳುವುದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ಇಂಗ್ಲಿಷ್ ಓದಲು ಬಾರದ ಒಬ್ಬ ಚೆರೋಕೀ ಮನುಷ್ಯ ಒಂಟಿಯಾಗಿ ಕೂತು ತನ್ನ ಭಾಷೆಗೆ ಲಿಪಿ ಕಟ್ಟಿದ್ದನ್ನು ಹೇಳಿದೆ. ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. ನಮ್ಮದೂ ಹಾಗೇ ಎಂದು ಏದುಸಿರು ಬಿಡುತ್ತಾ ಕ, ಕಾ, ಕಿ, ಕೀ ಎಂದು ಕಾಗುಣಿತ ಒಪ್ಪಿಸಿದೆ. ನಿಮಗೆ ಒಂದೇ ಅಕ್ಷರಕ್ಕೆ ಗುರುತು ಸೇರಿಸಿಕೊಂಡು ಹೋಗಬಹುದು, ನಮ್ಮಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು, ನಾನು ಕಲಿತದ್ದು ಅರವತ್ತು ದಾಟಿದ ಮೇಲೆ ಎಂದರು ಮಿಸ್. ಅವರ ಅಪ್ಪ ಮನೆಯಲ್ಲಿ ಆ ಭಾಷೆ ಆಡುತ್ತಿರಲಿಲ್ಲವಂತೆ. ಮಿಸ್ ಚಿಕ್ಕವರಿದ್ದಾಗ ಸರ್ಕಾರ ಊರಿನಲ್ಲಿ ಕೆಲಸವಿಲ್ಲದ ಬುಡಕಟ್ಟಿನವರನ್ನು ದೊಡ್ಡ ನಗರಗಳಿಗೆ ಕಳಿಸುತ್ತಿತ್ತು, ಹೋಗುವುದಕ್ಕೆ ಮಾತ್ರ ಟಿಕೆಟ್ ಕೊಟ್ಟು. ಹಾಗೆ ಅವರು ಓಕ್ಲೆಂಡಿಗೆ ಬಂದದ್ದು. ಹೊಸ ಊರಿನಲ್ಲಿ ಮಕ್ಕಳಿಗೆ ತೊಡಕಾಗಬಾರದೆಂದು ಅಪ್ಪ ಇಂಗ್ಲಿಷನ್ನೇ ಆಡಿದರು. ನನ್ನ ಮಗಳ ಕನ್ನಡದ ನೆನಪಾಗಿ ನಾನು ಒಂದು ಕ್ಷಣ ಸುಮ್ಮನಾದೆ. ಒಂದೇ ಕ್ಷಣ.

ಮುಂದೆ ಒಪ್ಪಂದಗಳ ಅಧ್ಯಾಯಕ್ಕೆ ಬಂದೆ. ಒಂದಾದ ಮೇಲೊಂದು ಒಪ್ಪಂದ. ಪ್ರತಿಯೊಂದರಲ್ಲೂ ಇಷ್ಟು ನೆಲ ಬಿಟ್ಟುಕೊಡಿ, ಉಳಿದದ್ದು ನಿಮ್ಮದೇ ಎಂಬ ಮಾತು. ಉಳಿದದ್ದು ಪ್ರತಿ ಸಲವೂ ಕಡಿಮೆ. ಆಮೇಲೆ ಜಾರ್ಜಿಯಾದಲ್ಲಿದ್ದ ಅವರ ನೆಲದಲ್ಲಿ ಚಿನ್ನ ಸಿಕ್ಕಿತು. ಅವರು ಕೋರ್ಟಿಗೆ ಹೋದರು, ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಗೆದ್ದರು, ಗೆದ್ದದ್ದರಿಂದ ಏನೂ ಆಗಲಿಲ್ಲ. ಕೊನೆಗೆ ಅವರಲ್ಲೇ ಒಂದು ಚಿಕ್ಕ ಗುಂಪು, ಇಡೀ ಜನಾಂಗದ ಪರವಾಗಿ ಮಾತಾಡುವ ಅಧಿಕಾರವೇ ಇಲ್ಲದವರು, ನೆಲವನ್ನೆಲ್ಲ ಬಿಟ್ಟು ಪಶ್ಚಿಮಕ್ಕೆ ಹೋಗುತ್ತೇವೆ ಎಂದು ಸಹಿ ಹಾಕಿದರು. ಅವರ ಮುಖ್ಯಸ್ಥ ಒಪ್ಪಲಿಲ್ಲ, ಸಾವಿರಾರು ಜನ ಒಪ್ಪುವುದಿಲ್ಲ ಎಂದು ಬರೆದು ಕಳಿಸಿದರು. ಸೆನೆಟ್ಟಿನಲ್ಲಿ ಒಂದೇ ಒಂದು ವೋಟಿನಿಂದ ಆ ಒಪ್ಪಂದ ಪಾಸಾಯಿತು. ಮುಂದೆ ಸೈನಿಕರು ಬಂದು ಜನರನ್ನು ಮನೆಗಳಿಂದ ಎಬ್ಬಿಸಿ, ದೊಡ್ಡಿಗೆ ದನ ತುಂಬಿದ ಹಾಗೆ ತುಂಬಿ, ಚಳಿಗಾಲದಲ್ಲಿ ಓಕ್ಲಹೋಮದವರೆಗೆ ನಡೆಸಿದರು. ದಾರಿಯಲ್ಲಿ ಸಾವಿರಾರು ಜನ ಸತ್ತರು.

ಇದನ್ನು ಹೇಳುವಾಗ ನನ್ನ ದನಿ ಏರಿತು. ಸೈನಿಕರಿಗಿಂತ ನನಗೆ ಸಿಟ್ಟು ಬಂದದ್ದು ಸಹಿ ಹಾಕಿದವರ ಮೇಲೆ. ತಮ್ಮವರನ್ನೇ ಮಾರಿದ ದ್ರೋಹಿಗಳು ಎಂದೆ. ಕನ್ನಡದಲ್ಲಿ ಇಂಥವರಿಗೆ ಮನೆಮುರುಕರು ಎನ್ನುತ್ತೇವೆ ಎಂದು ಪದವನ್ನು ಬಿಡಿಸಿ, ಮನೆ ಎಂದರೇನು, ಮುರಿಯುವುದು ಎಂದರೇನು ಎಂದು ಅರ್ಥ ಹೇಳಿದೆ. ಅಷ್ಟರಲ್ಲಿ ಪರದೆ ಕೂಗಿಕೊಂಡಿತು. ನನ್ನ ಹಸಿರು ಗೆರೆ ಹುಚ್ಚು ಕುದುರೆಯ ಹಾಗೆ ನೆಗೆಯುತ್ತಿತ್ತು. ನರ್ಸು ಓಡಿಬಂದು ಯಂತ್ರ ನಿಲ್ಲಿಸಿದಳು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು, ಏನಾಯಿತು ಎಂದು ಕೇಳಿದಳು. ಒಪ್ಪಂದ ಎಂದೆ. ಯಾವಾಗಿನದು ಎಂದಳು. ಸುಮಾರು ಇನ್ನೂರು ವರ್ಷ ಹಿಂದಿನದು ಎಂದೆ. ಅವಳು ನನ್ನನ್ನೇ ನೋಡುತ್ತಾ, ಇನ್ನು ಮುಂದೆ ಟ್ರೆಡ್‌ಮಿಲ್ಲಿನ ಮೇಲೆ ಒಪ್ಪಂದದ ಮಾತು ಬೇಡ ಎಂದು ಆಜ್ಞೆ ಮಾಡಿದಳು.

ಮಿಸ್ ತಮ್ಮ ನಡಿಗೆ ಮುಗಿಸಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನನ್ನ ಬಿಪಿ ಇಳಿಯುವವರೆಗೂ ಕಾದರು. ಆಮೇಲೆ ಮೆಲ್ಲಗೆ ಹೇಳಿದರು: “ಸಹಿ ಹಾಕಿದವರಲ್ಲಿ ಒಬ್ಬ ನನ್ನ ಅಜ್ಜಿಯ ಮುತ್ತಜ್ಜ. ಆ ನಿಮ್ಮ ಪದ ಇನ್ನೊಂದು ಸಲ ಹೇಳಿ. ಚೆನ್ನಾಗಿದೆ.”

ಬಿಪಿ ಮತ್ತೆ ಏರಿತು.

ಅಂದು ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬಡಿಸುವುದನ್ನು ನಿಲ್ಲಿಸಿ ಕೇಳಿದಳು, ಅವರ ಮನೆಯವರ ಬಗ್ಗೆ ಅವರನ್ನೇ ಒಂದು ಮಾತು ಕೇಳಬೇಕು ಅಂತ ನಿಮಗೆ ಅನಿಸಲೇ ಇಲ್ಲವಾ ಎಂದು. ಅನಿಸಿರಲಿಲ್ಲ. ಪುಸ್ತಕಗಳಲ್ಲಿ ಎಲ್ಲ ಇತ್ತಲ್ಲ. ತಪ್ಪಾಯಿತು ಎಂದು ಹೇಳಲು ಮೈಸೂರು ಪಾಕ್ ಮಾಡಿಕೊಂಡು ಹೋಗುತ್ತೇನೆ ಎಂದೆ. ಹೃದಯದ ರೋಗಿಗಳ ಜಾಗಕ್ಕಾ ಎಂದಳು. ಆದರೂ ಮಾಡಿದೆ. ನಮ್ಮೂರಿನಲ್ಲಿ ಕ್ಷಮೆ ಕೇಳುವುದಕ್ಕೆ ಅದಕ್ಕಿಂತ ದೊಡ್ಡದು ಇಲ್ಲ. ನರ್ಸು ಡಬ್ಬಿ ತೆರೆದು ಮೂಸಿ, ಇದರಲ್ಲಿ ಏನೇನಿದೆ ಎಂದಳು. ತುಪ್ಪ ಎಂದೆ. ಮತ್ತೆ? ಸಕ್ಕರೆ. ಕಡಲೆಹಿಟ್ಟು ಎನ್ನುವಷ್ಟರಲ್ಲಿ ಡಬ್ಬಿ ಅವಳ ಡ್ರಾಯರು ಸೇರಿತ್ತು.

ಕೈ ಖಾಲಿಯಾಗಿ ನಿಂತಿದ್ದ ನನ್ನನ್ನು ಮಿಸ್ ಹೊರಗಿನ ಬೆಂಚಿಗೆ ಕರೆದುಕೊಂಡು ಹೋದರು. ಅಂದು ಮೊದಲ ಬಾರಿಗೆ ಅವರು ಹೇಳಿದರು, ನಾನು ಕೇಳಿದೆ.

ಅವರ ಮನೆತನದವರು ಸಹಿ ಹಾಕಿದ ಮೇಲೆ ಸೈನಿಕರು ಬರುವುದಕ್ಕೆ ಮೊದಲೇ ಹೊರಟಿದ್ದರು. ಗಾಡಿಗಳಲ್ಲಿ, ಸಾಮಾನು ಸರಂಜಾಮಿನ ಸಮೇತ, ಒಳ್ಳೆಯ ಹವೆಯಲ್ಲಿ. ದಾರಿಯಲ್ಲಿ ಯಾರೂ ಸಾಯಲಿಲ್ಲ. ಹೊಸ ಜಾಗದಲ್ಲಿ ಒಳ್ಳೆಯ ನೆಲ ಹಿಡಿದರು. ಮನೆ ಕಟ್ಟಿಕೊಂಡು ಕೂತ ಮೇಲೆ, ನಡೆದು ಬಂದವರು ಬಂದರು, ಸತ್ತವರನ್ನು ದಾರಿಯಲ್ಲಿ ಹೂತು. ಆಮೇಲೆ ಸಹಿ ಹಾಕಿದ ದೊಡ್ಡ ಮುಖಂಡರಲ್ಲಿ ಮೂವರನ್ನು ಅವರ ಜನರೇ ಕೊಂದರು. ಮಿಸ್ ಅವರ ಹಿರಿಯ ಪಕ್ಕದ ರಾಜ್ಯಕ್ಕೆ ಓಡಿಹೋಗಿ ಜೀವ ಉಳಿಸಿಕೊಂಡ.

“ಅವನು ಕೆಟ್ಟವನಾಗಿದ್ದಿದ್ರೆ ಸುಲಭ ಇತ್ತು,” ಎಂದರು. “ನೆಲ ಹೇಗಿದ್ದರೂ ಹೋಗುತ್ತೆ, ಜನ ಆದರೂ ಉಳೀಲಿ ಅಂತ ಲೆಕ್ಕ ಹಾಕಿದ. ಲೆಕ್ಕದ ಮೊದಲ ಅರ್ಧ ಸರಿ. ಇನ್ನೊಂದು ವಿಷಯ. ಅವನ ಗಾಡಿಗಳ ಜೊತೆ ಅವನ ಗುಲಾಮರೂ ನಡ್ಕೊಂಡು ಹೋದರು. ಅವರಿಗೆ ಗಾಡಿ ಇರಲಿಲ್ಲ. ಅದು ನಿಮ್ಮ ಪುಸ್ತಕದಲ್ಲಿ ಇತ್ತಾ?”

ಇತ್ತು. ಆ ಪುಟಗಳನ್ನು ನಾನು ಬೇಗ ಬೇಗ ತಿರುವಿದ್ದೆ. ನನ್ನ ಕಥೆಯಲ್ಲಿ ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ಇದ್ದರು. ಗುಲಾಮರ ವಿಷಯ ಕೂರುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಹೃದಯಾಘಾತವಾಗಿ ಎದ್ದ ಮೇಲೆ ಮಿಸ್‌ಗೆ ಒಂದೇ ಆಸೆ ಹುಟ್ಟಿತ್ತಂತೆ. ಟೆನೆಸ್ಸಿಯಲ್ಲಿ ಆ ಹಳೆಯ ದಾರಿಯ ಒಂದು ತುಂಡು ಕಾಡಿನೊಳಗೆ ಇನ್ನೂ ಹಾಗೆಯೇ ಇದೆ. ನಡೆದವರ ಮನೆತನದವರು ಕೆಲವರು ಚಳಿಗಾಲದಲ್ಲಿ ಅಲ್ಲಿ ಸೇರಿ ನಡೆಯುತ್ತಾರೆ. ತಮ್ಮ ಮನೆಯವರು ನಡೆಯದ ಆ ದಾರಿಯಲ್ಲಿ ತಾವು ನಡೆಯಬೇಕು ಎಂಬುದು. ಡಾಕ್ಟರು ಮೊದಲು ಕಾಲಿಗೂ ಹೃದಯಕ್ಕೂ ಬಲ ಬರಲಿ ಎಂದಿದ್ದರು. ಅದಕ್ಕೇ ಅವರು ಒಂದು ದಿನವೂ ತಪ್ಪಿಸದೆ ಆ ಯಂತ್ರದ ಮೇಲೆ ನಡೆಯುತ್ತಿದ್ದದ್ದು. ನಾನು ನಡೆಯುತ್ತಿದ್ದದ್ದು ಹೆಂಡತಿ ಬೈಯುತ್ತಾಳೆಂದು.

ತಾಲೀಮಿಗೆ ಹೊರಗಡೆ ನಡೆಯೋಣ, ನಾನೂ ಬರುತ್ತೇನೆ ಎಂದೆ. ನಮ್ಮಲ್ಲಿ ಹಳೆಯ ರೈಲು ಹಳಿ ಕಿತ್ತು ಮಾಡಿದ ಕಾಲುದಾರಿಯೊಂದು ಸ್ಯಾನ್ ರಮೋನಿನಿಂದ ಡಾನ್ವಿಲ್ ಮೇಲೆ ಹಾದು ವಾಲ್ನಟ್ ಕ್ರೀಕಿನವರೆಗೂ ಹೋಗುತ್ತದೆ. ಒಂದು ಶನಿವಾರ ಬೆಳಿಗ್ಗೆ ಡಾನ್ವಿಲ್‌ವರೆಗೆ ಹೋಗೋಣವೆಂದು ಹೊರಟೆವು. ನಾನು ಹೊಸ ಶೂ, ಅಗಲದ ಟೋಪಿ, ಮಡಚುವ ಊರುಗೋಲು, ನೀರಿನ ಚೀಲ, ಎಲ್ಲ ಕೊಂಡಿದ್ದೆ. ಮಿಸ್ ತೋಟಕ್ಕೆ ಹಾಕುವ ಹಳೆಯ ಶೂ ಹಾಕಿಕೊಂಡು ಬಂದಿದ್ದರು. ಮನೆಗಳ ಹಿತ್ತಲ ಬೇಲಿಗಳ ಪಕ್ಕದಲ್ಲಿ, ಓಕ್ ಮರಗಳ ಕೆಳಗೆ ನಡೆದೆವು. ಮಕ್ಕಳ ತಳ್ಳುಗಾಡಿಗಳೂ ನಮ್ಮನ್ನು ದಾಟಿ ಹೋದವು.

ನಡೆಯುತ್ತಾ ಮಿಸ್ ಕೇಳಿದರು, ನಿಮ್ಮಲ್ಲಿ ಯಾರನ್ನೂ ಹೀಗೆ ಎಬ್ಬಿಸಿಲ್ಲವಾ ಎಂದು. ನಾನು ಗಂಟಲು ಸರಿಮಾಡಿಕೊಂಡೆ. ಮೈಸೂರಿನ ಹತ್ತಿರದ ಕಾಡಿನಲ್ಲಿದ್ದ ಜೇನು ಕುರುಬರನ್ನು ಅಣೆಕಟ್ಟಿಗೆಂದು, ಆಮೇಲೆ ಹುಲಿಗಳಿಗೆಂದು ಹೊರಗೆ ಕಳಿಸಿದರು ಎಂದೆ. ಎಲ್ಲಿಗೆ ಎಂದು ಕೇಳಿದರು. ಗೊತ್ತಿಲ್ಲ. ಅವರ ಭಾಷೆ ಯಾವುದು? ಕನ್ನಡದ ಹಾಗೆಯೇ ಏನೋ ಇರಬೇಕು. ಅವರಲ್ಲಿ ಯಾರಾದರೂ ನಿಮಗೆ ಪರಿಚಯವಾ? ಇಲ್ಲ. ಆ ಕಾಡಿಗೆ ನಾನು ಎಷ್ಟೋ ಸಲ ಸಫಾರಿಗೆ ಹೋಗಿದ್ದೇನೆ. ಯಾವ ಕೆರೆಯ ಹತ್ತಿರ ಯಾವ ಹುಲಿ ನೀರಿಗೆ ಬರುತ್ತದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅದನ್ನು ಅವರು ಕೇಳಲಿಲ್ಲ. ಚೆರೋಕೀಗಳ ಪ್ರತಿಯೊಂದು ಒಪ್ಪಂದವನ್ನೂ ಬಾಯಿಪಾಠ ಮಾಡಿದ್ದ ನನಗೆ ನಮ್ಮೂರಿನಿಂದ ಒಂದು ಬಸ್ಸಿನ ದೂರದಲ್ಲಿರುವವರ ಬಗ್ಗೆ ಒಂದು ವಾಕ್ಯದ ಮೇಲೆ ಎರಡನೆಯದು ಬರಲಿಲ್ಲ. ಮಿಸ್‌ಗೆ ಅದರಿಂದ ಆಶ್ಚರ್ಯವೇನೂ ಆಗಲಿಲ್ಲ. ಮೇಷ್ಟ್ರುಗಳಿಗೆ ದಡ್ಡರನ್ನು ಕಂಡು ಅಭ್ಯಾಸವಿರುತ್ತದೆ.

ಡಾನ್ವಿಲ್ ಬರುವ ಮೊದಲೇ ಹೊಸ ಶೂ ನನ್ನ ಹಿಮ್ಮಡಿಯ ಚರ್ಮ ಸುಲಿದಿತ್ತು. ಊರುಗೋಲು ಮಡಚಿಕೊಂಡದ್ದು ಮತ್ತೆ ಬಿಚ್ಚಿಕೊಳ್ಳಲಿಲ್ಲ. ದಾರಿ ಬದಿಯ ಕಲ್ಲಿನ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದೆ. ಅವಳು ಕಾರು ತಂದಳು. ಮಿಸ್‌ಗೂ ಹತ್ತಿಕೊಳ್ಳಿ ಎಂದಳು. ಬೇಡ, ಇನ್ನೇನು ಸ್ವಲ್ಪವೇ ದೂರ, ನಡೆದೇ ಬರುತ್ತೇನೆ ಎಂದರು. ಆಗ ಹೆಂಡತಿ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಮನೆಯ ಚಪ್ಪಲಿಯಲ್ಲೇ ಅವರ ಜೊತೆ ಹೊರಟುಬಿಟ್ಟಳು. ನಾನು ಒಂದು ಕಾಲಿಗೆ ಶೂ ಇಲ್ಲದೆ ಡ್ರೈವ್ ಮಾಡಿಕೊಂಡು ಹೋಗಿ ಡಾನ್ವಿಲ್‌ನಲ್ಲಿ ಅವರಿಬ್ಬರಿಗಾಗಿ ಕಾದೆ. ಬಂದಾಗ ಅವರು ಯಾವುದಕ್ಕೋ ನಗುತ್ತಿದ್ದರು. ಯಾವುದಕ್ಕೆ ಎಂದು ನನಗೆ ಹೇಳಲಿಲ್ಲ.

ಟೆನೆಸ್ಸಿಗೂ ನಾನು ಬರುತ್ತೇನೆ ಎಂದು ಹೊರಟಿದ್ದೆ. ಟಿಕೆಟ್ಟಿನ ಬೆಲೆ ಸಹ ನೋಡಿದ್ದೆ. ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿದಳು. “ಅವರ ಜನ ಸತ್ತ ದಾರಿ ಅದು. ಅಲ್ಲಿ ಹೋಗಿ ನೀವು ಯಾರಿಗೆ ಏನು ವಿವರಿಸ್ತೀರಾ?” ಎಂದಳು. ಮಿಸ್ ತಮ್ಮ ಮೊಮ್ಮಗಳ ಜೊತೆ ಹೋದರು. ಅವರು ನಡೆಯುವ ದಿನ ನಾನು ವಾಲ್ನಟ್ ಕ್ರೀಕಿನಲ್ಲಿ ಖಾಲಿ ಟ್ರೆಡ್‌ಮಿಲ್ಲಿನ ಪಕ್ಕದಲ್ಲಿ ಒಬ್ಬನೇ ನಡೆದೆ. ನನ್ನ ಎದೆಬಡಿತ ಎಷ್ಟು ಚೆನ್ನಾಗಿದೆ ಎಂದು ನರ್ಸು ಮೆಚ್ಚಿಕೊಂಡಳು.

ವಾಪಸು ಬಂದ ಮೇಲೆ ಅವರನ್ನು ಊಟಕ್ಕೆ ಕರೆದೆವು. ಹೆಂಡತಿ ಬಿಸಿಬೇಳೆ ಬಾತು ಮಾಡಿದ್ದಳು. ಉಪ್ಪು ಕಡಿಮೆ, ತುಪ್ಪ ಇನ್ನೂ ಕಡಿಮೆ. ಏನಾಯಿತು ಎಂದು ನಾನು ಕೇಳಿದೆ. ಕೇಳಿ ಸುಮ್ಮನೆ ಕೂತೆ. ಅದನ್ನು ಹೆಂಡತಿ ಗಮನಿಸಿದಳು.

ಮಳೆ ಹನಿಯುತ್ತಿತ್ತಂತೆ. ದಾರಿ ಅಂಥದ್ದೇನೂ ಅಲ್ಲ, ಗಾಡಿ ಹೋಗಿ ಹೋಗಿ ತಗ್ಗಾದ ಒಂದು ಜಾಡು, ಎರಡೂ ಕಡೆ ಮರ. ನಡೆಯುತ್ತಿದ್ದವರಲ್ಲಿ ತಮ್ಮದೇ ವಯಸ್ಸಿನ ಒಬ್ಬ ಹೆಂಗಸಿನ ಪಕ್ಕಕ್ಕೆ ಮಿಸ್ ಬಂದರು. ಆ ಹೆಂಗಸಿನ ಹಿರಿಯರಲ್ಲಿ ಒಬ್ಬ ತಾಯಿ, ಇಬ್ಬರು ಮಕ್ಕಳು ಆ ದಾರಿಯಲ್ಲೇ ಸತ್ತವರು. ತಮ್ಮ ಮನೆತನದ ವಿಷಯ ಹೇಳಿಯೇ ನಡೆಯಬೇಕು ಎಂದು ಮಿಸ್ ವಿಮಾನದಲ್ಲೇ ತೀರ್ಮಾನಿಸಿದ್ದರು. ನನ್ನ ಹಿರಿಯ ಸಹಿ ಹಾಕಿದವರಲ್ಲಿ ಒಬ್ಬ ಎಂದರು. ಆ ಹೆಂಗಸು ನಡೆಯುವುದನ್ನು ನಿಲ್ಲಿಸಲಿಲ್ಲ. ತುಂಬಾ ಹೊತ್ತು ಮಾತೂ ಆಡಲಿಲ್ಲ. ಇನ್ನು ಆಡುವುದಿಲ್ಲ ಎಂದೇ ಮಿಸ್ ಅಂದುಕೊಂಡರು.

“ಆಮೇಲೆ ಹೇಳಿದಳು,” ಎಂದರು ಮಿಸ್. “ಬೆಳಿಗ್ಗೆ ನಿಮ್ಮ ಮನೆತನದ ಹೆಸರು ಹೇಳಿದಿರಲ್ಲ, ಆಗಲೇ ಗೊತ್ತಾಯ್ತು. ಮುಂದೆ ಇಳಿಜಾರು, ಎಲೆ ಒದ್ದೆಯಾಗಿದೆ, ನನ್ನ ಕೈ ಹಿಡ್ಕೊಳ್ಳಿ ಅಂತ.”

ಹಿಡಿದುಕೊಂಡಿರಾ ಎಂದು ಹೆಂಡತಿ ಕೇಳಿದಳು. ಹಿಡಿದುಕೊಂಡೆ, ಅವಳೂ ನನ್ನ ಮೇಲೆ ಭಾರ ಬಿಟ್ಟೇ ಇಳಿದಳು ಎಂದರು ಮಿಸ್. ಕ್ಷಮೆಯ ಮಾತು ಇಬ್ಬರೂ ಎತ್ತಲಿಲ್ಲವಂತೆ. ದಾರಿ ಮುಗಿದ ಮೇಲೆ ಆ ಹೆಂಗಸು ತನ್ನವರ ಕಾರು ಹತ್ತಿ ಹೋದಳು.

ಹೆಂಡತಿ ಇನ್ನೊಂದು ಸಲ ಬಾತು ಬಡಿಸಿದಳು. ಆಮೇಲೆ ಮಿಸ್ ನನ್ನ ಕಡೆ ತಿರುಗಿ, ಹೈಸ್ಕೂಲಿನ ಹಿಂದಿನ ಬೆಂಚಿನವನನ್ನು ಎಬ್ಬಿಸಿ ನಿಲ್ಲಿಸುವ ದನಿಯಲ್ಲಿ ಕೇಳಿದರು: “ನೀವಾಗಿದ್ದಿದ್ರೆ ಸಹಿ ಹಾಕ್ತಿದ್ರಾ?”

ಅಷ್ಟೆಲ್ಲ ಓದಿದ್ದೆ, ಕೂಗಾಡಿದ್ದೆ. ಆದರೂ ಹಾಕುತ್ತಿರಲಿಲ್ಲ ಎನ್ನಲು ಧೈರ್ಯವಾಗಲಿಲ್ಲ. ಒಳ್ಳೆಯ ಶಾಲೆಯಿದೆ ಎಂದು ಊರು, ಒಳ್ಳೆಯ ಕೆಲಸವಿದೆ ಎಂದು ದೇಶ ಬಿಟ್ಟವನು ನಾನು. ಗಾಡಿಯಲ್ಲಿ ಜಾಗ ಸಿಕ್ಕಿದ್ದರೆ ಬೇಡ ಎನ್ನುತ್ತಿದ್ದೆನೇ? ಹಾಕುತ್ತಿದ್ದೆ ಎನ್ನಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಉತ್ತರ ಕೊಟ್ಟವಳು ಹೆಂಡತಿ.

“ಇವರು ಹೂಂ ಅಂತಾನೂ ಅನ್ತಿರ್ಲಿಲ್ಲ, ಉಹೂಂ ಅಂತಾನೂ ಅನ್ತಿರ್ಲಿಲ್ಲ,” ಎಂದು ಅವಳು ಮಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿ, ನನಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಳು. “ಮೂರನೇ ಪುಟದಲ್ಲಿ ಒಂದು ಪದ ಸರಿಯಿಲ್ಲ ಅಂತ ಸರ್ಕಾರದವರಿಗೆ ಪಾಠ ಹೇಳ್ತಾ ಕೂತಿರ್ತಿದ್ರು. ಅಷ್ಟೊತ್ತಿಗೆ ಸೈನಿಕರು ಬಂದಿರ್ತಿದ್ರು.”

ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ಆದರೆ ಅವಳು ಹೇಳಿದ್ದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.

ನಮ್ಮಿಬ್ಬರ ವ್ಯಾಯಾಮ ಕೇಂದ್ರದ ಸರದಿ ಈಗ ಮುಗಿದಿದೆ. ಶನಿವಾರಗಳಲ್ಲಿ ಹೆಂಡತಿಯೂ ಮಿಸ್ಸೂ ಆ ಕಾಲುದಾರಿಯಲ್ಲಿ ನಡೆಯುತ್ತಾರೆ. ನಾನೂ ಹೋಗುತ್ತೇನೆ, ಅವರಿಗಿಂತ ಒಂದಿಷ್ಟು ಹಿಂದೆ. ಮಿಸ್ ಅವಳಿಗೆ ಚೆರೋಕೀ ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದಾರೆ, ಅವಳು ಅಂಗೈ ಮೇಲೆ ಬೆರಳಿನಿಂದ ತಿದ್ದುತ್ತಾ ನಡೆಯುತ್ತಾಳೆ. ಮೊನ್ನೆ ಒಂದು ಅಕ್ಷರದಲ್ಲಿ ಅವಳು ತಪ್ಪಿದ ಹಾಗೆ ನನಗೆ ಕಾಣಿಸಿತು. ಬೇಗ ಬೇಗ ಹೆಜ್ಜೆ ಹಾಕಿ ಹತ್ತಿರ ಹೋದೆ. ತಪ್ಪಿರಲಿಲ್ಲ.